ಅನಮೋಡ ಇಳಿದು ಪಣಜಿಗೆ

ಶುಕ್ರವಾರ ರಾತ್ರಿ ಊಟ ಮುಗಿಸಿ ಹುಬ್ಬಳ್ಳಿಯಿಂದ ಹೊರಟ ಬೈಕು ಬೆಳಗಾಗುವಷ್ಟರಲ್ಲಿ ಕಲಂಗುಟದ ಮರಳಿನ ಪಕ್ಕ ನಿಂತಿರುತ್ತದೆ. ನಡುವಿನ ದಾರಿಯಲ್ಲಿ ಸವಾರನಿಗೆ ನೆನಪುಳಿಯುವುದು ಮುಂದಿನ ಲಾರಿಯ ಕೆಂಪು ದೀಪ, ಘಟ್ಟದ ಮಂಜು, ಮೊಲೆಂನಲ್ಲಿ ಕುಡಿದ ಒಂದು ಚಹಾ, ಅಷ್ಟೇ. ಖಾಂಡೇಪಾರದ ಹೊಳೆ ದಾಟಲು ಅವನಿಗೆ ಅರ್ಧ ನಿಮಿಷವೂ ಬೇಕಾಗುವುದಿಲ್ಲ. 1961ರ ಡಿಸೆಂಬರ್ 18ರಂದು ಇದೇ ದಾರಿಯಲ್ಲಿ ಮೊಲೆಂ ದಾಟಿ ಬಂದ ಭಾರತೀಯ ಸೇನೆಯ ಬಿಹಾರ ರೆಜಿಮೆಂಟಿನ ಪಡೆ ಕತ್ತಲಾಗುವ ಹೊತ್ತಿಗೆ ಖಾಂಡೇಪಾರ ಮುಟ್ಟಿತ್ತು. ಎದುರಿಸಿ ನಿಂತ ವೈರಿ ಯಾರೂ ಇರಲಿಲ್ಲ. ಆದರೆ ಮುಂದಕ್ಕೆ ಸೇತುವೆಯೂ ಇರಲಿಲ್ಲ, ಪೋರ್ಚುಗೀಸರು ಅದನ್ನು ಸಿಡಿಸಿ ಹೋಗಿದ್ದರು. ಮರುದಿನ ಸಂಜೆ ಗವರ್ನರ್ ಜನರಲ್ ವಸ್ಸಾಲೊ ಇ ಸಿಲ್ವ ಶರಣಾದರು. ಗೋವಾದ ಮೇಲಿನ ಪೋರ್ಚುಗೀಸರ 451 ವರ್ಷಗಳ ಆಳ್ವಿಕೆ ಅಲ್ಲಿಗೆ ಮುಗಿಯಿತು.

ಆ ಹೊಳೆಯ ದಡದಲ್ಲಿ ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ನೀರಿನ ಕಡೆ ಕೈತೋರಿಸಿ ಈ ಕಥೆ ಹೇಳುವವರೊಬ್ಬರು ಜೊತೆಗಿದ್ದರೆ? ಮಾರ್ಗದರ್ಶಕರೊಂದಿಗಿನ ಬೈಕ್ ಯಾನದ ತಿರುಳೇ ಇದು. ಮುಂದೆ ದಾರಿ ಬಲ್ಲವರು, ಹಿಂದೆ ಯಾರೂ ತಪ್ಪಿಹೋಗದಂತೆ ನೋಡಿಕೊಳ್ಳುವವರು, ಅವರ ಹಿಂದೆ ಮೆಕ್ಯಾನಿಕ್ ಮತ್ತು ಸಾಮಾನು ಹೊತ್ತ ಜೀಪು. ಗೋವಾದಲ್ಲಿ ಇದು ಹೊಸದಲ್ಲ. 1990ರ ದಶಕದಿಂದಲೇ ಯುರೋಪಿನವರು ಚಳಿಗಾಲದಲ್ಲಿ ಇಲ್ಲಿಗೆ ಬಂದು, ಬುಲೆಟ್ ಏರಿ, ಗುಂಪುಗಟ್ಟಿ ಹಂಪಿಯವರೆಗೂ ಹೋಗಿಬರುತ್ತಿದ್ದಾರೆ. ಘಟ್ಟದ ಈಚೆಗಿನ ಕನ್ನಡದ ಸವಾರರು ಮಾತ್ರ ಈ ದಾರಿಯನ್ನು ಇನ್ನೂ ಮುಗಿಸಬೇಕಾದ ಕೆಲಸವೆಂದೇ ನೋಡುತ್ತಾರೆ.

ಇಂಥ ಯಾನಗಳಿಗೆ ಒಳ್ಳೆಯ ಮಾದರಿ ಅಮೆರಿಕದಲ್ಲಿದೆ. ಅಲ್ಲಿನ ರೂಟ್ 66 ಹುಟ್ಟಿದ್ದು 1926ರ ನವೆಂಬರ್ 11ರಂದು. ಶಿಕಾಗೊದಿಂದ ಪೆಸಿಫಿಕ್ ಕಡಲ ದಂಡೆಯ ಸಾಂಟಾ ಮೋನಿಕಾದವರೆಗೆ, ಎಂಟು ರಾಜ್ಯಗಳ ಮೂಲಕ, ಸುಮಾರು 3,900 ಕಿ.ಮೀ. ದಾರಿ. ಜಾನ್ ಸ್ಟೈನ್‌ಬೆಕ್ ತನ್ನ 1939ರ ಕಾದಂಬರಿಯಲ್ಲಿ ಅದನ್ನು ತಾಯಿ ರಸ್ತೆ ಎಂದು ಕರೆದ. ಮುಂದೆ ಪಕ್ಕದಲ್ಲೇ ಅಗಲವಾದ ಹೆದ್ದಾರಿಗಳು ಬಂದವು. ಅರಿಜೋನಾದ ಸೆಲಿಗ್ಮನ್ ಎಂಬ ಸಣ್ಣ ಊರನ್ನು ಹೊಸ ರಸ್ತೆ 1978ರಲ್ಲಿ ಬಳಸಿಕೊಂಡು ಹೋಯಿತು. ಊರಿನ ಬೀದಿ ಒಂದೇ ದಿನದಲ್ಲಿ ಬರಿದಾಯಿತು. 1985ರಲ್ಲಿ ರೂಟ್ 66 ಎಂಬ ಹೆಸರನ್ನೇ ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಲಾಯಿತು. ಆದರೆ ಅದೇ ಸೆಲಿಗ್ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಾಡಿಲೊ 1987ರಲ್ಲಿ ಊರವರನ್ನು ಸೇರಿಸಿ ಒಂದು ಸಂಘ ಕಟ್ಟಿದರು. ಹಳೆಯ ರಸ್ತೆಗೆ ಐತಿಹಾಸಿಕ ಮಾರ್ಗವೆಂಬ ಮಾನ್ಯತೆ ಕೊಡಿ ಎಂದು ರಾಜ್ಯ ಸರ್ಕಾರದ ಬೆನ್ನು ಹತ್ತಿದರು, ಪಡೆದೂ ಬಿಟ್ಟರು. ಇವತ್ತು ದೇಶವಿದೇಶದ ಬೈಕ್ ತಂಡಗಳು ಆ ಊರಿನಲ್ಲಿ ನಿಂತೇ ಮುಂದೆ ಹೋಗುತ್ತವೆ. ರಸ್ತೆ ಉಳಿದದ್ದು ಡಾಂಬರಿನಿಂದಲ್ಲ, ಅದರ ಕಥೆ ಹೇಳುವವರು ಅಂಚಿನಲ್ಲೇ ಉಳಿದಿದ್ದರಿಂದ.

ಗೋವಾದಲ್ಲೂ ಒಂದು 66 ಇದೆ. ಪನ್ವೇಲಿನಿಂದ ಕನ್ಯಾಕುಮಾರಿಗೆ ಹೋಗುವ, ಕರಾವಳಿಯವರು ಈಗಲೂ ಹದಿನೇಳು ಎಂದೇ ಕರೆಯುವ ಹೆದ್ದಾರಿಗೆ 2010ರ ಮರುಸಂಖ್ಯೆಯಲ್ಲಿ ಸಿಕ್ಕಿದ್ದು ಇದೇ ಅಂಕೆ. ಅಂಕೆಯೊಂದನ್ನೇ ಹಿಡಿದರೆ ಗೋವಾದ ಯಾನ ಆ ದಾರಿಯಲ್ಲೇ ಆಗಬೇಕು. ಆದರೆ ಅದು ಈಗ ಮೇಲ್ಸೇತುವೆಗಳ, ನಾಲ್ಕು ಪಥಗಳ ರಸ್ತೆ. ಅದರ ಇತಿಹಾಸವೆಲ್ಲ ಸೇತುವೆಗಳ ಇತಿಹಾಸ: 1986ರ ಜುಲೈ 5ರಂದು ಮಾಂಡವಿಯ ಸೇತುವೆ ಕುಸಿಯಿತು, 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿಯ ಹಳೆಯ ಸೇತುವೆ ಲಾರಿಯೊಂದನ್ನು ಹೊತ್ತೇ ನದಿಗೆ ಬಿತ್ತು. ನಿಂತು ನೋಡುತ್ತ ಹೋಗಲು ಅಲ್ಲಿ ಜಾಗವಿಲ್ಲ. ಅದಕ್ಕೆ ತಕ್ಕ ದಾರಿ ಬೆಳಗಾವಿಯಿಂದ ಅನಮೋಡ ಘಟ್ಟ ಇಳಿದು ಪಣಜಿಗೆ ಹೋಗುವುದು. ಹಿಂದೆ 4ಎ, ಈಗ 748. ಉದ್ದ ಸುಮಾರು 150 ಕಿ.ಮೀ. ಬೈಕಿಗೆ ನಾಲ್ಕು ಗಂಟೆಯ ದಾರಿ, ನೋಡುವವನಿಗೆ ಎರಡು ದಿನದ್ದು.

ಯಾನಕ್ಕೆ ಬೈಕು ಯಾವುದಾದರೂ ಆದೀತು. ಆದರೂ ಹಳೆಯ ಎರಕದ ಕಬ್ಬಿಣದ ಇಂಜಿನ್ನಿನ ಬುಲೆಟ್ ಸಿಕ್ಕರೆ ಅದರ ರುಚಿಯೇ ಬೇರೆ. 1955ರಿಂದ ಮದ್ರಾಸಿನಲ್ಲಿ ತಯಾರಾಗುತ್ತ ಬಂದ ಆ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಬೈಕು ಓಡಿಸಿ ರೂಢಿಯಾದವರು ಗಾಬರಿಯಲ್ಲಿ ಬ್ರೇಕೆಂದು ಒತ್ತುವುದು ಗೇರನ್ನು. ಅದಕ್ಕೇ ಒಳ್ಳೆಯ ಮಾರ್ಗದರ್ಶಕರು ಹೊರಡುವ ಮುನ್ನ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಸುತ್ತಿಸಿ ಕಾಲುಗಳಿಗೆ ಹೊಸ ಪಾಠ ಕಲಿಸುತ್ತಾರೆ. ಕಿಕ್ ಹೊಡೆಯುವುದೂ ಒಂದು ವಿದ್ಯೆ. ಹೆಡ್‌ಲೈಟಿನ ಮೇಲಿನ ಆಮ್ಮೀಟರಿನ ಮುಳ್ಳು ನಡುವಿಗೆ ಬರುವವರೆಗೆ ಕಿಕ್ಕರ್ ಮೆಲ್ಲಗೆ ಒತ್ತಬೇಕು. ಎಡಗೈಯ ಡಿಕಂಪ್ರೆಸರ್ ಹಿಡಿದು ಇನ್ನೊಂದಿಷ್ಟು ಜಾರಿಸಬೇಕು, ಪಿಸ್ಟನ್ ತುದಿ ದಾಟಿತೆಂದು ಕಾಲಿಗೇ ಗೊತ್ತಾಗುತ್ತದೆ. ಆಮೇಲೆ ಕಿಕ್ಕರನ್ನು ಮೇಲಕ್ಕೆ ಬಿಟ್ಟು, ಮೈಭಾರವನ್ನೆಲ್ಲ ಹಾಕಿ ಒಂದೇ ಒದೆತ. ಅವಸರ ಮಾಡಿದವರ ಮೀನಖಂಡಕ್ಕೆ ಅದು ತಿರುಗಿ ಒದೆಯುತ್ತದೆ. ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಎಜ್ಡಿಗಳನ್ನು ಜತನದಿಂದ ಇಟ್ಟುಕೊಂಡವರು ಕರ್ನಾಟಕದಲ್ಲಿ ಇನ್ನೂ ಬಹಳ ಜನ. ಕಿಕ್ಕರನ್ನೇ ತಿರುಗಿಸಿ ಗೇರು ಲಿವರ್ ಮಾಡಿಕೊಳ್ಳುವ ಆ ಗಾಡಿಗಳಿಗೂ ಈ ಘಟ್ಟ ಚೆನ್ನಾಗಿ ಒಗ್ಗುತ್ತದೆ.

ಬೆಳಗಾವಿ ಬಿಟ್ಟ ಮೇಲೆ ಖಾನಾಪುರದಲ್ಲಿ ಮಲಪ್ರಭೆ ಸಿಗುತ್ತದೆ, ಕಣಕುಂಬಿಯಲ್ಲಿ ಹುಟ್ಟಿ ಆಗಷ್ಟೇ ಮೈದುಂಬುತ್ತಿರುವ ಎಳೆಯ ನದಿ. ಲೋಂಡಾ ದಾಟಿದರೆ ರಾಮನಗರ, ಸೂಪಾ ಅಣೆಕಟ್ಟಿನಲ್ಲಿ ಮನೆಮಠ ಮುಳುಗಿದವರಿಗಾಗಿ ಕಟ್ಟಿದ ಊರು. ತಿನೈಘಾಟಿನಿಂದ ಕಾಡು ಒತ್ತಾಗುತ್ತದೆ. ಇಲ್ಲಿಂದ ತಂಡದ ನಡೆ ಬದಲಾಗಬೇಕು. ಒಬ್ಬರ ಹಿಂದೆ ಒಬ್ಬರು ನೇರ ಸಾಲಿನಲ್ಲಿ ಹೋಗದೆ, ಒಬ್ಬರು ಪಥದ ಬಲ ಅಂಚಿಗೆ, ಮುಂದಿನವರು ಎಡ ಅಂಚಿಗೆ ಹೀಗೆ ಓರೆಯಾಗಿ ಹಂಚಿಕೊಂಡರೆ ಎಲ್ಲರಿಗೂ ದಾರಿ ಕಾಣುತ್ತದೆ, ಬ್ರೇಕು ಹಾಕಲು ಜಾಗ ಸಿಗುತ್ತದೆ. ತಿರುವಿನಲ್ಲಿ ಮಾತ್ರ ಒಂದೇ ಸಾಲು. ಕನ್ನಡಿಯಲ್ಲಿ ಹಿಂದಿನವರು ಕಾಣದಿದ್ದರೆ ವೇಗ ಇಳಿಸಬೇಕು ಎಂಬ ನಿಯಮವೊಂದಿದ್ದರೆ ಸಾಕು, ಹತ್ತು ಬೈಕುಗಳ ತಂಡ ಒಡೆಯುವುದಿಲ್ಲ.

ಅನಮೋಡದಿಂದ ಇಳಿಜಾರು. ಹಳೆಯ ಗಾಡಿಯ ಡ್ರಮ್ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ತಡೆಯುವಂತೆ ಬಿಟ್ಟು, ಬ್ರೇಕನ್ನು ತಿರುವಿಗೆ ಮುಂಚೆ ಮಾತ್ರ ಮುಟ್ಟಬೇಕು. ಬಿಸಿಲು ಬೀಳದ ತಿರುವುಗಳಲ್ಲಿ ನವೆಂಬರಿನಲ್ಲೂ ಪಾಚಿಯ ಪಸೆ ಇರುತ್ತದೆ. ಎದುರಿಗೆ ಲಾರಿಗಳು ಏದುಸಿರು ಬಿಡುತ್ತ ಏರುತ್ತವೆ. ಜೊತೆಯಲ್ಲಿ ಇಳಿಯುವ ಲಾರಿಗಳೂ ಇರುತ್ತವೆ, ಗೋವಾದ ಅಡುಗೆಮನೆಗೆ ಬೇಕಾದ ತರಕಾರಿಯಲ್ಲಿ ಬಹುಪಾಲು ಬೆಳಗಾವಿಯ ಕಡೆಯಿಂದಲೇ ಘಟ್ಟ ಇಳಿಯುತ್ತದೆ. ಇದೇ ಕಾಡಿನ ಇನ್ನೊಂದು ಮಗ್ಗುಲಲ್ಲಿ 1880ರ ದಶಕದಲ್ಲಿ ಹಾಕಿದ ರೈಲು ದಾರಿ ಕ್ಯಾಸಲ್‌ರಾಕ್‌ನಿಂದ ದೂಧಸಾಗರದ ಮುಂದೆ ಹಾದು ಮುರ್ಮಗೋವಾ ಬಂದರಿಗೆ ಹೋಗುತ್ತದೆ.

ಘಟ್ಟದ ಬುಡದಲ್ಲಿ ಮೊಲೆಂ. ಸುತ್ತಲೂ ಭಗವಾನ್ ಮಹಾವೀರ ಅಭಯಾರಣ್ಯ, 240 ಚದರ ಕಿ.ಮೀ. ರೈಲು ಹಳಿಯನ್ನು ಜೋಡಿ ಮಾಡಲು, ಈ ಹೆದ್ದಾರಿಯನ್ನು ಅಗಲಿಸಲು, ವಿದ್ಯುತ್ ತಂತಿ ಎಳೆಯಲು ಕಾಡು ಕಡಿಯುವುದರ ವಿರುದ್ಧ 2020ರಲ್ಲಿ ಗೋವಾದ ಜನ ಬೀದಿಗಿಳಿದರು. ಜೋಡಿ ಹಳಿಗೆ ಸಿಕ್ಕಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ರದ್ದುಮಾಡಿತು. ಈ ಕಾಡಿನೊಳಗೆ ನಲವತ್ತು ಬೈಕುಗಳನ್ನು, ಅದರಲ್ಲೂ ಸೈಲೆನ್ಸರ್ ಬದಲಿಸಿ ಗುಡುಗಿಸುವ ಬೈಕುಗಳನ್ನು ಕರೆತರುವುದು ತಪ್ಪು. ಎಂಟೋ ಹತ್ತೋ ಸಾಕು. ಮಿಕ್ಕವರಿಗೆ ಇನ್ನೊಂದು ದಿನ ಇದ್ದೇ ಇದೆ.

ಮೊಲೆಂನಿಂದ ಹೆದ್ದಾರಿ ಬಿಟ್ಟು ಕಾಡಿನೊಳಗೆ ಹೊರಳಿದರೆ ತಾಂಬಡಿ ಸುರ್ಲ. ಗೋವೆಯ ಕದಂಬರ ಕಾಲದ ಮಹಾದೇವ ಗುಡಿ, ಕಪ್ಪು ಕಲ್ಲಿನದು. ಸುತ್ತಲ ನೆಲವೆಲ್ಲ ಕೆಂಪು ಜಂಬಿಟ್ಟಿಗೆಯಾದ್ದರಿಂದ ಈ ಕಲ್ಲನ್ನು ಘಟ್ಟದ ಮೇಲಿಂದ ಇಳಿಸಿ ತಂದಿರಬೇಕೆಂದು ತಿಳಿದವರ ಊಹೆ. ಹಾಗಾದರೆ ಆ ಕಲ್ಲು ಇಳಿದದ್ದೂ ಇಂಥದೇ ದಾರಿಯಲ್ಲಿ, ಎತ್ತಿನ ಹೆಗಲ ಮೇಲೆ. ಕಂಬದ ಬುಡದಲ್ಲಿ ಕುದುರೆಯನ್ನು ಮೆಟ್ಟುವ ಆನೆ ಇದೆ, ಬಗ್ಗಿ ನೋಡದವರಿಗೆ ಕಾಣುವುದಿಲ್ಲ. ಈ ಕದಂಬರು ಬನವಾಸಿಯ ಮನೆತನದ ಕವಲು. ಗೋವಾದ ಸರ್ಕಾರಿ ಬಸ್ಸಿನ ಮೈಮೇಲೆ ಇವತ್ತಿಗೂ ಅವರದೇ ಹೆಸರು. ಬನವಾಸಿಯ ನೆನಪು ಪಣಜಿಯ ಬಸ್ ನಿಲ್ದಾಣದಲ್ಲಿ ದಿನವೂ ಓಡಾಡುತ್ತದೆ.

ಖಾಂಡೇಪಾರ ಆಯಿತು. ಮುಂದಿನ ಪೋಂಡಾದಲ್ಲಿ ವಿಜಾಪುರದ ಆದಿಲಶಾಹಿಗಳ ಕಾಲದಲ್ಲಿ, 1560ರಲ್ಲಿ, ಕಟ್ಟಿದ ಸಫಾ ಮಸೀದಿ, ಅದರ ಪಕ್ಕ ಮೆಟ್ಟಿಲಿಳಿಸಿದ ಕೊಳ. ಆಗ ಈ ಸೀಮೆ ಪೋರ್ಚುಗೀಸರ ಕೈಯಲ್ಲಿರಲಿಲ್ಲ. ಆದ್ದರಿಂದಲೇ ಹೊಳೆಯಾಚೆ ಗುಡಿ ಕಳೆದುಕೊಂಡ ಮಂಗೇಶಿ, ಶಾಂತಾದುರ್ಗೆಯರು ಈಚೆಗೆ ಬಂದು ನೆಲೆಸಿದರು. ಬಾಣಸ್ತಾರಿಯ ಸೇತುವೆ ದಾಟುವುದೆಂದರೆ ಆ ಹಳೆಯ ಗಡಿ ದಾಟುವುದು. ಎಡಬದಿಯ ಸಂಚಾರದಲ್ಲೂ ಗೋವಾದ ನೆರೆಹೊರೆ ಅಡಗಿದೆ. ಪೋರ್ಚುಗಲ್ 1928ರಲ್ಲಿ ತನ್ನ ವಾಹನಗಳನ್ನು ಬಲಬದಿಗೆ ತಿರುಗಿಸಿದರೂ, ಸುತ್ತ ಎಡಬದಿಯ ಬ್ರಿಟಿಷ್ ಇಂಡಿಯಾ ಇದ್ದ ಕಾರಣ ಗೋವಾ ಎಡದಲ್ಲೇ ಉಳಿಯಿತು. ಗಡಿಯ ಅನಮೋಡದಲ್ಲಿ ಗಾಡಿಗಳು ಪಥ ಬದಲಿಸುವ ಪ್ರಸಂಗ ಬರಲೇ ಇಲ್ಲ.

ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾವನ್ನು ಎಲ್ಲರೂ ನೋಡುತ್ತಾರೆ. ಅಲ್ಲಿಂದ ನದಿಯ ಗುಂಟ ರಾಯಬಂದರಿಗೆ, ರಾಯಬಂದರಿನಿಂದ ಪಣಜಿಗೆ ಹೋಗುವ ಕೊನೆಯ ಮೂರು ಕಿ.ಮೀ. ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಈ ಯಾನದ ಕಿರೀಟ ಅದೇ. ಹೆಸರು ಪೊಂಟೆ ದಿ ಲಿನ್ಯಾರಿಸ್. ಲಿನ್ಯಾರಿಸ್‌ನ ಕೌಂಟ್ ಆಗಿದ್ದ ವೈಸ್‌ರಾಯ್ ಮಿಗೆಲ್ ದಿ ನೊರೋನ್ಯಾನ ಕಾಲದಲ್ಲಿ, 1633-34ರಲ್ಲಿ, ಜೌಗು ನೆಲದ ಮೇಲೆ ಜಂಬಿಟ್ಟಿಗೆ ಕಲ್ಲಿನಿಂದ ಎತ್ತಿದ 3.2 ಕಿ.ಮೀ. ಉದ್ದದ ಏರಿ. ನಡುನಡುವೆ ಭರತದ ನೀರು ಒಳಹೋಗಿ ಇಳಿತದಲ್ಲಿ ಹೊರಬರಲು ಕಮಾನುಗಳು. ಒಂದು ಕಡೆ ಮಾಂಡವಿ, ಇನ್ನೊಂದು ಕಡೆ ಉಪ್ಪಿನಾಗರ, ಕಾಂಡ್ಲಾ ಗಿಡ, ಬೆಳ್ಳಕ್ಕಿ. ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಬತ್ತ, ಮೀನು ಎರಡನ್ನೂ ಬೆಳೆಯುವ ಇಂಥ ನೆಲಕ್ಕೆ ಗೋವಾದವರು ಖಾಜನ್ ಎನ್ನುತ್ತಾರೆ. ಕುಮಟಾ, ಅಂಕೋಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವರ ಗಜನಿ ಗದ್ದೆ, ಅದರೊಳಗಿನ ಕಗ್ಗದ ಬತ್ತ ಇದರ ಒಡಹುಟ್ಟುಗಳೇ. ಪಲ್ಲಕ್ಕಿಗೂ ಎತ್ತಿನಗಾಡಿಗೂ ಕಟ್ಟಿದ ಏರಿಯ ಮೇಲೆ ನಾಲ್ಕು ಶತಮಾನದ ಹತ್ತಿರ ಬಂದ ಮೇಲೂ ಸ್ಕೂಟರು, ಕಾರು ಓಡುತ್ತಿವೆ. 1970ರ ಸುಮಾರಿಗೆ ಸಿಮೆಂಟಿನಲ್ಲಿ ಕಟ್ಟಿದ ಮಾಂಡವಿ ಸೇತುವೆ ಎರಡು ದಶಕ ಬಾಳಲಿಲ್ಲ.

ವ್ಯಾಗಟೋರದ ಗುಡ್ಡದ ಮೇಲೆ, ಹಿಂದೆ ರೈಡರ್ ಮೇನಿಯಾ ಎಂಬ ಹೆಸರಿದ್ದ ರಾಯಲ್ ಎನ್‌ಫೀಲ್ಡ್‌ನ ಬೈಕ್ ಮೇಳ ನಡೆಯುವಾಗ, ಸಾವಿರಾರು ಬೈಕುಗಳು ಗೋವಾಕ್ಕೆ ಇಳಿಯುತ್ತವೆ, ಎಷ್ಟೋ ಈ ಘಟ್ಟದಿಂದಲೇ. ಆ ಸಂಭ್ರಮದಲ್ಲಿ ಒಂದು ಬೆಳಗನ್ನು ಈ ದಾರಿಗೆ ಮೀಸಲಿಟ್ಟರೆ ಕಥೆ ಹೇಳುವವರಿಗೂ ಕೆಲಸ ಸಿಗುತ್ತದೆ. ಹೇಳಬಲ್ಲವರನ್ನು ದೂರದಿಂದ ಕರೆಸಬೇಕಾಗಿಯೂ ಇಲ್ಲ. ಮುಂದಿನ ಮಡ್‌ಗಾರ್ಡಿಗೆ ಹಳದಿ ಬಳಿದ ಬೈಕಿನಲ್ಲಿ ದಶಕಗಳಿಂದ ಬಾಡಿಗೆ ಸವಾರಿ ನಡೆಸುವ ಪೈಲಟ್‌ಗಳು ಗೋವಾದ ಊರೂರಿನಲ್ಲಿದ್ದಾರೆ. ಯಾವ ಕಮಾನಿನ ಕೆಳಗೆ ಯಾವ ಹೊತ್ತಿಗೆ ನೀರೇರುತ್ತದೆ, ಮಳೆಗಾಲದಲ್ಲಿ ಯಾವ ತಿರುವು ಜಾರುತ್ತದೆ ಎಂಬುದು ದಿನವೂ ಅದೇ ರಸ್ತೆಯಲ್ಲಿ ಗಾಡಿ ಓಡಿಸುವವರಿಗೇ ಚೆನ್ನಾಗಿ ಗೊತ್ತು.

ಏರಿಯ ಮೇಲೆ ಬೈಕು ನಿಲ್ಲಿಸಬಾರದು, ರಸ್ತೆ ಇಕ್ಕಟ್ಟು. ರಾಯಬಂದರಿನ ಫೆರಿ ಕಟ್ಟೆಯ ಹತ್ತಿರ ಇಂಜಿನ್ ಆರಿಸಿ, ಇಳಿತದ ಹೊತ್ತು ನೋಡಿಕೊಂಡು ನಡೆದೇ ಬರಬೇಕು. ನೀರು ಇಳಿದಾಗ ಕಮಾನಿನ ಕಲ್ಲುಗಳ ಮೇಲೆ ಭರತ ಬಿಟ್ಟುಹೋದ ಹಸಿ ಗೆರೆ ಕಾಣುತ್ತದೆ, ಅದರ ಕೆಳಗೆ ಕೆಸರಿನಲ್ಲಿ ಏಡಿಗಳು ಓಡಾಡುತ್ತಿರುತ್ತವೆ.