ಒಂದೇ ಬದಿಯ ಲೆಕ್ಕ

ದೀಪಾವಳಿಯ ದಿನ ವ್ಯಾಪಾರಿ ಮನೆತನಗಳಲ್ಲಿ ಲೆಕ್ಕದ ಪುಸ್ತಕಕ್ಕೆ ಪೂಜೆ ಸಲ್ಲುತ್ತದೆ. ಭಗವಾನ್ ಮಹಾವೀರ ಸ್ವಾಮಿಯ ನಿರ್ವಾಣೋತ್ಸವವೂ ಆ ಸಂದರ್ಭದಲ್ಲೇ ಬರುತ್ತದೆ. ಸರ್ವಸಂಗ ಪರಿತ್ಯಾಗ ಮಾಡಿದ ಮಹಾಪುರುಷರ ಸ್ಮರಣೆಯೂ ಗಳಿಕೆಯ ಪುಸ್ತಕದ ಪೂಜೆಯೂ ಒಟ್ಟೊಟ್ಟಿಗೆ ನಡೆಯುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ಆದರೆ ಅದರಲ್ಲೊಂದು ಔಚಿತ್ಯವಿದೆ. ವರ್ಷವಿಡೀ ಗಳಿಸಿದ್ದನ್ನು ದೀಪದ ಬೆಳಕಿನಲ್ಲಿ ತೆರೆದಿಡಲು ಅಂಜಿಕೆಯಿಲ್ಲವೇ ಎಂದು ಗೃಹಸ್ಥನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ದಿನವದು.

2024ರ ದೀಪಾವಳಿಯ ದಿನ, ಅಂದರೆ ಅಕ್ಟೋಬರ್ 31ರಂದು, 'ಲಕ್ಕಿ ಭಾಸ್ಕರ್' ಎಂಬ ತೆಲುಗು ಚಲನಚಿತ್ರ ತೆರೆಕಂಡಿತು. ವೆಂಕಿ ಅಟ್ಲೂರಿ ನಿರ್ದೇಶಿಸಿದ, ದುಲ್ಕರ್ ಸಲ್ಮಾನ್ ನಾಯಕನಾಗಿ ನಟಿಸಿದ ಈ ಚಿತ್ರ ಅನ್ಯಭಾಷೆಗಳಿಗೂ ಡಬ್ ಆಗಿ, ನವೆಂಬರ್ ತಿಂಗಳ ಕೊನೆಗೆ ನೆಟ್‌ಫ್ಲಿಕ್ಸ್ ಮೂಲಕ ಮನೆಗಳನ್ನೇ ಪ್ರವೇಶಿಸಿತು. ಇದರ ವಸ್ತು ಹಣ, ನೌಕರಿ ಮತ್ತು ಬ್ಯಾಂಕಿನ ಲೆಕ್ಕ. ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳ ಕುಟುಂಬಗಳು ಇಂತಹ ಚಿತ್ರವನ್ನು ಕೇವಲ ವಿನೋದವೆಂದು ನೋಡಿ ಮರೆಯುವಂತಿಲ್ಲ. ಇದೇ ಬಗೆಯ ವಸ್ತುವುಳ್ಳ ಇನ್ನೆರಡು ಕೃತಿಗಳೊಡನೆ ಇದನ್ನಿಟ್ಟು ತೂಗಿದರೆ ತೆರೆಯ ಮೇಲಿನ ಗಳಿಕೆ ಏನನ್ನು ಕಲಿಸುತ್ತಿದೆಯೆಂಬುದು ಸ್ಪಷ್ಟವಾಗುತ್ತದೆ. ಅವುಗಳಲ್ಲಿ ಒಂದು 2020ರ 'ಸ್ಕ್ಯಾಮ್ 1992' ಎಂಬ ಹಿಂದಿ ಧಾರಾವಾಹಿ. ಮತ್ತೊಂದು 2009ರ 'ರಾಕೆಟ್ ಸಿಂಗ್' ಎಂಬ ಹಿಂದಿ ಚಲನಚಿತ್ರ.

ತೂಗಲು ತಕ್ಕಡಿ ಯಾವುದು? ವಾಣಿಜ್ಯಶಾಸ್ತ್ರದ ಮೊದಲ ಪಾಠದಲ್ಲೇ ಅದು ದೊರೆಯುತ್ತದೆ. ದ್ವಿನಮೂದು ಪದ್ಧತಿಯಲ್ಲಿ ಜಮೆಯಿಲ್ಲದೆ ಖರ್ಚಿಲ್ಲ, ಖರ್ಚಿಲ್ಲದೆ ಜಮೆಯಿಲ್ಲ. ಒಂದು ಖಾತೆಗೆ ಹಣ ಬಂದಿತೆಂದರೆ ಇನ್ನೊಂದರಿಂದ ಹೋಗಿದೆ ಎಂದೇ ಅರ್ಥ. ಎರಡೂ ಬದಿಗಳನ್ನು ಬರೆದಾಗಲೇ ತಾಳೆಪಟ್ಟಿ ಕೂಡುವುದು. ಹಣದ ಕಥೆಯನ್ನು ಹೇಳುವವನಿಗೂ ಈ ನಿಯಮ ಅನ್ವಯಿಸುತ್ತದೆ. ನಾಯಕನಿಗೆ ಬಂದ ಹಣ ಯಾರಿಂದ ಬಂದಿತು, ಕಳೆದುಕೊಂಡವನ ಮುಖ ತೆರೆಯ ಮೇಲೆ ಒಮ್ಮೆಯಾದರೂ ಕಾಣಿಸಿತೇ ಎಂಬ ಪ್ರಶ್ನೆಯಿಂದಲೇ ಇಂತಹ ಕೃತಿಯ ಪ್ರಾಮಾಣಿಕತೆಯನ್ನು ಅಳೆಯಬಹುದು.

'ಲಕ್ಕಿ ಭಾಸ್ಕರ್' ಚಿತ್ರದ ನಾಯಕ 1989ರ ಸುಮಾರಿನ ಮುಂಬಯಿಯಲ್ಲಿ ಒಂದು ಬ್ಯಾಂಕಿನ ಕ್ಯಾಷಿಯರ್. ದಿನವಿಡೀ ಇತರರ ಹಣ ಎಣಿಸುವ ಆತನ ಮನೆಯಲ್ಲಿ ಸಾಲದ ಕಾಟ. ಪ್ರಾಮಾಣಿಕವಾಗಿ ದುಡಿದರೂ ನ್ಯಾಯವಾಗಿ ಸಲ್ಲಬೇಕಾದ ಬಡ್ತಿ ದೊರೆಯುವುದಿಲ್ಲ. ಈ ಭಾಗದಲ್ಲಿ ಚಿತ್ರ ನಿಜಕ್ಕೂ ಮನಮುಟ್ಟುತ್ತದೆ. ತಿಂಗಳ ಕೊನೆಯ ಕೈಬರಿದಾದ ಮನೆ, ಬಂಧುಗಳ ತಾತ್ಸಾರ, ಸಾಲಗಾರರೆದುರು ತಗ್ಗಿಸಿದ ತಲೆ ಇವೆಲ್ಲವನ್ನೂ ದುಲ್ಕರ್ ಸಲ್ಮಾನ್ ಅತಿರೇಕವಿಲ್ಲದೆ ಅಭಿನಯಿಸಿದ್ದಾರೆ. ನಂತರ ನಾಯಕನು ಬ್ಯಾಂಕಿನ ಹಣವನ್ನು ಗುಟ್ಟಾಗಿ ತೆಗೆದು, ವ್ಯವಹಾರಕ್ಕೆ ಹಾಕಿ, ಯಾರ ಗಮನಕ್ಕೂ ಬರುವ ಮೊದಲೇ ಮರಳಿ ಇಡಲಾರಂಭಿಸುತ್ತಾನೆ. ಮುಂದೆ ದೊಡ್ಡ ಹಗರಣದ ಪ್ರವಾಹದಲ್ಲಿ ತಾನೂ ಬೊಗಸೆಯೊಡ್ಡುತ್ತಾನೆ. ಕೊನೆಗೆ ತನಿಖೆಯ ಅಧಿಕಾರಿಗಳಿಗಿಂತ ಒಂದು ಹೆಜ್ಜೆ ಮುಂದಿದ್ದು, ಸಂಪತ್ತಿನೊಡನೆ ಕುಟುಂಬ ಸಮೇತ ವಿದೇಶ ಸೇರುತ್ತಾನೆ. ಪ್ರೇಕ್ಷಕರು ಹರ್ಷಿಸುತ್ತಾರೆ.

ಈ ಹರ್ಷವನ್ನು ಚಿತ್ರ ಹೇಗೆ ಸಂಪಾದಿಸಿತು ಎಂಬುದನ್ನು ಗಮನಿಸಬೇಕು. ನಾಯಕನು ಆಗಾಗ ಕ್ಯಾಮೆರಾದತ್ತ ತಿರುಗಿ ನೇರವಾಗಿ ಪ್ರೇಕ್ಷಕನೊಡನೆ ಮಾತನಾಡುತ್ತಾನೆ. ಗುಟ್ಟನ್ನು ಕೇಳಿಸಿಕೊಂಡವನು ಪಾಲುದಾರನಾಗುತ್ತಾನೆ. ಲೆಕ್ಕ ಪರಿಶೋಧಕರು ಬರುವಾಗ ಪ್ರೇಕ್ಷಕನ ಎದೆಯೂ ಹೊಡೆದುಕೊಳ್ಳುತ್ತದೆ. ಪಾರಾದಾಗ ಆತನೂ ನಿಟ್ಟುಸಿರುಬಿಡುತ್ತಾನೆ. ಆದರೆ ಹಣ ಕಳೆದುಕೊಂಡವನು ಯಾರು? ಬ್ಯಾಂಕು ಎಂಬ ಒಂದು ಕಟ್ಟಡ, ಅಷ್ಟೇ. ಅದರ ತಿಜೋರಿಯಲ್ಲಿರುವುದು ಯಾರೋ ವಿಧವೆಯ ಠೇವಣಿ, ಯಾರೋ ಶಿಕ್ಷಕನ ನಿವೃತ್ತಿ ಹಣ ಎಂಬುದನ್ನು ನೆನಪಿಸುವ ಮುಖ ಚಿತ್ರದಲ್ಲಿ ಎದ್ದು ಕಾಣುವುದಿಲ್ಲ. ಪುಸ್ತಕದ ಜಮೆಯ ಬದಿ ಸುಂದರ ಅಕ್ಷರಗಳಲ್ಲಿ ತುಂಬಿದೆ; ಎದುರಿನ ಬದಿ ಖಾಲಿ ಬಿದ್ದಿದೆ.

ಆ ಖಾಲಿ ಬದಿಯನ್ನು ತುಂಬಲು ನಡೆದ ಇತಿಹಾಸದತ್ತ ನೋಡಬೇಕು. ಬ್ಯಾಂಕುಗಳು ತಮ್ಮ ಠೇವಣಿಯ ಒಂದು ಪಾಲನ್ನು ಸರ್ಕಾರಿ ಸಾಲಪತ್ರಗಳಲ್ಲಿ ಇರಿಸಬೇಕೆಂಬುದು ಕಾನೂನು. ಕೊರತೆ ಬಿದ್ದ ಬ್ಯಾಂಕು ಇನ್ನೊಂದರಿಂದ ಅಲ್ಪಕಾಲಕ್ಕೆ ಸಾಲಪತ್ರಗಳನ್ನು ಕೊಂಡು ಹಿಂದಿರುಗಿಸುವ ರೂಢಿಯಿತ್ತು. ಪ್ರತಿ ಬಾರಿಯೂ ಪತ್ರಗಳನ್ನು ಸಾಗಿಸುವ ಬದಲು, ಮಾರಿದ ಪತ್ರಗಳು ತನ್ನಲ್ಲಿವೆಯೆಂದು ಬರೆದುಕೊಟ್ಟ ಬ್ಯಾಂಕ್ ರಸೀದಿಯೊಂದೇ ಕೈ ಬದಲಾಗುತ್ತಿತ್ತು. ನಡುವೆ ದಲ್ಲಾಳಿ. ಕ್ರಮೇಣ, ಹಿಂದೆ ಯಾವ ಸಾಲಪತ್ರವೂ ಇಲ್ಲದ ರಸೀದಿಗಳು ಹೊರಬಿದ್ದವು. ಬ್ಯಾಂಕಿನಿಂದ ಬ್ಯಾಂಕಿಗೆ ಸಲ್ಲಬೇಕಾದ ಹಣ ದಲ್ಲಾಳಿಯ ಖಾತೆಗೆ ಹರಿದು ಷೇರುಪೇಟೆಯನ್ನು ಸೇರಿತು. ಸುಮಾರು 200 ರೂಪಾಯಿಯ ಎಸಿಸಿ ಷೇರು 9,000 ರೂಪಾಯಿಯವರೆಗೆ ಏರಿತು. 1992ರ ಏಪ್ರಿಲ್‌ನಲ್ಲಿ ಪತ್ರಕರ್ತೆ ಸುಚೇತಾ ದಲಾಲ್ 'ಟೈಮ್ಸ್ ಆಫ್ ಇಂಡಿಯಾ' ಪತ್ರಿಕೆಯಲ್ಲಿ ಸುದ್ದಿಯನ್ನು ಬಯಲಿಗೆಳೆದರು. ರಿಸರ್ವ್ ಬ್ಯಾಂಕ್ ನೇಮಿಸಿದ ಜಾನಕಿರಾಮನ್ ಸಮಿತಿ ಗುರುತಿಸಿದ ಅಂತರ 4,000 ಕೋಟಿ ರೂಪಾಯಿಗೂ ಮಿಕ್ಕಿತ್ತು. ಬೆಲೆ ಶಿಖರದಲ್ಲಿದ್ದಾಗ ಉಳಿತಾಯದ ಹಣ ಕೊಟ್ಟು ಷೇರು ಕೊಂಡ ಸಾಮಾನ್ಯ ಜನ ಕೈಸುಟ್ಟುಕೊಂಡರು. ಹುಸಿ ರಸೀದಿಗಳಲ್ಲಿ ಸಿಲುಕಿದ ಕರಾಡದ ಸಣ್ಣ ಬ್ಯಾಂಕು ಕುಸಿದೇಹೋಯಿತು. ಎದುರು ಬದಿಯ ನಮೂದುಗಳೆಂದರೆ ಇವೇ.

'ಸ್ಕ್ಯಾಮ್ 1992' ಈ ನಮೂದುಗಳನ್ನು ಅರ್ಧಕ್ಕಿಂತ ಹೆಚ್ಚಾಗಿಯೇ ಬರೆದಿದೆ. ಸುಚೇತಾ ದಲಾಲ್ ಮತ್ತು ದೇಬಾಶಿಸ್ ಬಸು ಅವರ ಪುಸ್ತಕವನ್ನಾಧರಿಸಿ ಹನ್ಸಲ್ ಮೆಹ್ತಾ ನಿರ್ದೇಶಿಸಿದ ಈ ಹತ್ತು ಕಂತುಗಳ ಧಾರಾವಾಹಿ 2020ರ ಅಕ್ಟೋಬರ್‌ನಲ್ಲಿ ಸೋನಿ ಲಿವ್‌ನಲ್ಲಿ ಬಿಡುಗಡೆಯಾಯಿತು. ಹರ್ಷದ್ ಮೆಹ್ತಾ ಪಾತ್ರದಲ್ಲಿ ಪ್ರತೀಕ್ ಗಾಂಧಿಯವರ ಅಭಿನಯ ಪ್ರಶಂಸಾರ್ಹ. ಹಣಕಾಸಿನ ಜಟಿಲ ವ್ಯವಹಾರವನ್ನು ಸಾಮಾನ್ಯ ಪ್ರೇಕ್ಷಕನಿಗೂ ತಿಳಿಯುವಂತೆ ಬಿಡಿಸಿಟ್ಟದ್ದು ಇದರ ದೊಡ್ಡ ಗುಣ. ಪತ್ರಕರ್ತೆಯ ಪಾತ್ರಕ್ಕೂ ಸಾಕಷ್ಟು ಎಡೆ ದೊರೆತಿದೆ. ಕಾಗದದಿಂದ ಕಾಗದಕ್ಕೆ, ಸಾಕ್ಷಿಯಿಂದ ಸಾಕ್ಷಿಗೆ ಅಲೆದು ಸತ್ಯವನ್ನು ಹೊರಗೆಡಹುವ ಆಕೆಯ ತಾಳ್ಮೆಯ ದುಡಿಮೆಯೇ ಈ ಕೃತಿಯ ಶ್ರೇಷ್ಠ ಭಾಗ. ಆದರೂ ಬಿಡುಗಡೆಯಾದ ಮೇಲೆ ಜನಮನದಲ್ಲಿ ಉಳಿದದ್ದೇನು? ದಲ್ಲಾಳಿಯ ಚುರುಕು ಮಾತುಗಳು ಮತ್ತು ಆರಂಭದ ಸಂಗೀತ. ಆ ರಾಗ ಮೊಬೈಲುಗಳ ಕರೆಗಂಟೆಯಾಯಿತು. ಸತ್ಯ ಹುಡುಕಿದವಳ ಹೆಸರು ಮರೆಯಿತು. ದೋಷ ಪೂರ್ತಿಯಾಗಿ ಕೃತಿಯದಲ್ಲ, ನೋಡುವ ಕಣ್ಣಿನದೂ ಹೌದು. ವೇಗಕ್ಕೂ ವೈಭವಕ್ಕೂ ಹಿನ್ನೆಲೆ ಸಂಗೀತವನ್ನು ಧಾರಾಳವಾಗಿ ನೀಡಿ ನಷ್ಟಕ್ಕೆ ಮೌನವನ್ನು ಮಾತ್ರ ನೀಡಿದರೆ, ನೋಡುವವರ ಒಲವು ಯಾವ ಕಡೆ ವಾಲುವುದೆಂದು ನಿರ್ದೇಶಕರು ಊಹಿಸಬೇಕಿತ್ತು.

ಮೂರನೆಯ ಕೃತಿ ಇವೆರಡಕ್ಕಿಂತ ಹಳೆಯದು. ಬಿಡುಗಡೆಯಾದಾಗ ಅದಕ್ಕೆ ಹೇಳಿಕೊಳ್ಳುವಂತಹ ಯಶಸ್ಸೂ ಲಭಿಸಲಿಲ್ಲ. ಜೈದೀಪ್ ಸಾಹ್ನಿ ಬರೆದು ಶಿಮಿತ್ ಅಮೀನ್ ನಿರ್ದೇಶಿಸಿದ 'ರಾಕೆಟ್ ಸಿಂಗ್' ಚಿತ್ರದ ನಾಯಕ ಹರ್‌ಪ್ರೀತ್, ಬಿ.ಕಾಂ. ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದು ಕಂಪ್ಯೂಟರ್ ಮಾರುವ ಕಂಪನಿಯೊಂದಕ್ಕೆ ಸೇರುತ್ತಾನೆ. ಖರೀದಿಯ ಅಧಿಕಾರಿ ಲಂಚ ಕೇಳಿದಾಗ ಆತ ದೂರು ಕೊಡುತ್ತಾನೆ. ಫಲವಾಗಿ ಗಿರಾಕಿ ಕೈತಪ್ಪುತ್ತದೆ, ಮಾಲೀಕನಿಂದ ಅವಮಾನವಾಗುತ್ತದೆ, ಸಹೋದ್ಯೋಗಿಗಳು ಕಾಗದದ ರಾಕೆಟ್ ಎಸೆದು ಗೇಲಿ ಮಾಡುತ್ತಾರೆ. ಆಗ ಆತ ಅದೇ ಕಚೇರಿಯೊಳಗೆ ಗುಟ್ಟಾಗಿ ತನ್ನದೊಂದು ಸಣ್ಣ ಕಂಪನಿ ಕಟ್ಟುತ್ತಾನೆ. ಲಂಚವಿಲ್ಲ, ಹುಸಿ ಮಾತಿಲ್ಲ, ಹೇಳಿದ ಹೊತ್ತಿಗೆ ಸೇವೆ. ಟೆಲಿಫೋನ್ ಎತ್ತುವ ಹುಡುಗಿಯೂ ಚಹಾ ತರುವ ಜವಾನನೂ ಅದರಲ್ಲಿ ನೌಕರರಾಗಿರದೆ ಪಾಲುದಾರರಾಗುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ಇದೂ ಒಂದು ಸಾಧಾರಣ ವಿಜಯಗಾಥೆಯಾಗುತ್ತಿತ್ತು. ಸಂಬಳ ಕೊಡುವವನ ವೇಳೆಯನ್ನೂ ಟೆಲಿಫೋನನ್ನೂ ಜಾಗವನ್ನೂ ಬಳಸಿ ಸ್ವಂತ ವ್ಯಾಪಾರ ನಡೆಸುವುದು ಕಳವೇ ಎಂಬುದನ್ನು ಚಿತ್ರ ಮರೆಮಾಚುವುದಿಲ್ಲ. ಮಾಲೀಕ ಕೆಟ್ಟವನು ಎಂಬ ಕಾರಣಕ್ಕೆ ನೌಕರನ ತಪ್ಪು ಒಪ್ಪಾಗುವುದೂ ಇಲ್ಲ. ಸಿಕ್ಕಿಬಿದ್ದ ನಾಯಕನು ಕಟ್ಟಿದ ಕಂಪನಿಯನ್ನು ಮಾಲೀಕನಿಗೇ ಬಿಟ್ಟುಕೊಟ್ಟು, ಇಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಸಾಧಾರಣ ಮಾರಾಟಗಾರನಾಗಿ ನಿಲ್ಲುತ್ತಾನೆ. ಗಿರಾಕಿಗಳಿಗೆ ಕೊಟ್ಟ ಮಾತನ್ನು ನಡೆಸಲಾರದ ಮಾಲೀಕನೇ ಕೊನೆಗೆ ಅದನ್ನು ಹಿಂದಿರುಗಿಸುತ್ತಾನೆ. ಈ ಮುಕ್ತಾಯ ತುಸು ಸುಲಭವಾಯಿತೆಂದು ಟೀಕಿಸಬಹುದು. ಇಂತಹ ಮಾಲೀಕರು ಪೇಟೆಯಲ್ಲಿ ವಿರಳ. ಆದರೂ ನಾಯಕನ ತಪ್ಪು ನಾಯಕನ ಖಾತೆಯಲ್ಲೇ ಬರೆಯಲ್ಪಟ್ಟಿದೆ. ಎರಡೂ ಬದಿ ಬರೆದ ಪುಸ್ತಕವೆಂದರೆ ಈ ಮೂರರಲ್ಲಿ ಇದೊಂದೇ.

ಇಷ್ಟೆಲ್ಲವನ್ನೂ ಎರಡು ಸಾವಿರ ವರ್ಷಗಳಷ್ಟು ಹಿಂದಿನ ಶ್ರಾವಕಾಚಾರ ಎಷ್ಟು ನಿಖರವಾಗಿ ಹೆಸರಿಸಿತ್ತೆಂಬುದು ಆಶ್ಚರ್ಯಕರ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಣುವ್ರತಗಳಿಗೆ ಅಂಟಬಹುದಾದ ಅತಿಚಾರಗಳ ಪಟ್ಟಿಯಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಎಂದರೆ ಸುಳ್ಳು ಪತ್ರ ಬರೆಯುವುದು, ಒಂದು. ಸಾಲಪತ್ರವಿಲ್ಲದ ಬ್ಯಾಂಕ್ ರಸೀದಿಗೆ ಇದಕ್ಕಿಂತ ತಕ್ಕ ಹೆಸರಿಲ್ಲ. ನ್ಯಾಸಾಪಹಾರ, ಎಂದರೆ ನಂಬಿ ಇರಿಸಿದ ಒಡವೆಯನ್ನು ನುಂಗುವುದು, ಇನ್ನೊಂದು. ಮರಳಿ ಇಡುವ ಎಣಿಕೆಯಿಂದ ತಿಜೋರಿಗೆ ಕೈಹಾಕಿದವನೂ ಆ ದಾರಿಯಲ್ಲೇ ನಡೆದವನು. ಮರಳಿ ಇಟ್ಟೆನಲ್ಲ ಎಂಬ ಸಮಾಧಾನ ವ್ಯಾಪಾರ ಕೈಕೊಡುವವರೆಗೆ ಮಾತ್ರ. ನಷ್ಟವಾಗಿದ್ದರೆ ಅದು ಠೇವಣಿದಾರನ ನಷ್ಟ, ಲಾಭವಾದರೆ ಮಾತ್ರ ಕ್ಯಾಷಿಯರನ ಲಾಭ. ಅಚೌರ್ಯಾಣುವ್ರತದಲ್ಲಿ ತದಾಹೃತಾದಾನ ಎಂಬುದೂ ಒಂದು ಅತಿಚಾರ: ಕದ್ದು ತಂದದ್ದನ್ನು ಸ್ವೀಕರಿಸುವುದು.

ಆದರೆ ಶ್ರಾವಕ ಸಮಾಜ ಈ ಪಟ್ಟಿಯನ್ನು ಇತರರತ್ತ ಮಾತ್ರ ಚಾಚಿದರೆ ಅದೂ ಒಂದೇ ಬದಿಯ ಲೆಕ್ಕವಾದೀತು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಇದೆ. ಹೊರಲಾರದ ಹೊರೆ ಹೇರುವುದೆಂದು ಅದರ ಅರ್ಥ. ಎತ್ತಿಗೂ ಆಳಿಗೂ ಹೇಳಿದ ಆ ಮಾತು ಇಂದಿನ ಗುಮಾಸ್ತನಿಗೂ ಸಲ್ಲುತ್ತದೆ. ರಾತ್ರಿ ಹತ್ತರವರೆಗೆ ಅಂಗಡಿಯಲ್ಲಿ ನಿಲ್ಲಿಸಿಕೊಂಡು, ಭಾನುವಾರವೂ ಫೋನಿನಲ್ಲಿ ಕೆಲಸ ಹೇಳಿ, ವರ್ಷಗಳ ನಿಷ್ಠೆಗೆ ಬಡ್ತಿಯನ್ನಾಗಲಿ ತಕ್ಕ ಸಂಬಳವನ್ನಾಗಲಿ ನೀಡದ ಮಾಲೀಕನು ಭಾಸ್ಕರನಂಥವರನ್ನು ತಾನೇ ತಯಾರಿಸುತ್ತಾನೆ. ಚಿತ್ರದ ಪರಿಹಾರ ತಪ್ಪಾಗಿರಬಹುದು. ಅದರ ದೂರು ಸುಳ್ಳಲ್ಲ. ಪ್ರೇಕ್ಷಕರ ಚಪ್ಪಾಳೆಯಲ್ಲಿ ಕಳ್ಳತನದ ಮೆಚ್ಚುಗೆಗಿಂತ ಅವಮಾನದ ಸೇಡೇ ಹೆಚ್ಚಾಗಿರುವ ಸಂಭವವಿದೆ. ಅಂತಹ ಚಪ್ಪಾಳೆಯನ್ನು ಕೇಳಿದ ವ್ಯಾಪಾರಸ್ಥನು ಮರುದಿನ ತನ್ನ ಸಂಬಳದ ಪಟ್ಟಿಯನ್ನು ತೆರೆದು ನೋಡುವುದು ಒಳ್ಳೆಯದು.

ಹಾಗಾದರೆ ಕುಟುಂಬಗಳು ಏನನ್ನು ನೋಡಬೇಕು? ನಿಷೇಧದಿಂದ ಪ್ರಯೋಜನವಿಲ್ಲ. ಮೊಬೈಲು ಕೈಯಲ್ಲಿರುವ ಮಗನಿಗೆ ಬಾಗಿಲು ಹಾಕುವುದು ಸಾಧ್ಯವಿಲ್ಲ. ಕಾಲೇಜು ಮುಗಿಸಿ ಅಂಗಡಿಯಲ್ಲೋ ಕಚೇರಿಯಲ್ಲೋ ಕೂರಲಿರುವ ಮಕ್ಕಳೊಡನೆ ಹಿರಿಯರು ಮೊದಲು 'ರಾಕೆಟ್ ಸಿಂಗ್' ನೋಡಲಿ. ಕೆಲವು ದಿನ ಬಿಟ್ಟು 'ಸ್ಕ್ಯಾಮ್ 1992' ನೋಡಲಿ. ಅದರಲ್ಲಿ ಒರಟು ಮಾತುಗಳಿರುವುದರಿಂದ ಚಿಕ್ಕ ಮಕ್ಕಳನ್ನು ದೂರವಿಡುವುದು ಲೇಸು. ದಿನಕ್ಕೊಂದು ಕಂತಿನಂತೆ ನೋಡಿ, ಅಂದು ಬಂದ ಹಣ ಯಾರದೆಂದು ಮಾತನಾಡಿಕೊಂಡರೆ ಅದೊಂದು ಸ್ವಾಧ್ಯಾಯವೇ ಆದೀತು. 'ಲಕ್ಕಿ ಭಾಸ್ಕರ್' ಚಿತ್ರವನ್ನು ಕೊನೆಗೆ ನೋಡಲಿ. ಆ ವೇಳೆಗೆ ಖಾಲಿ ಬಿಟ್ಟ ಬದಿಯನ್ನು ಮಕ್ಕಳೇ ಗುರುತಿಸಬಲ್ಲರು. ನಾಯಕನ ಬುದ್ಧಿವಂತಿಕೆಗೆ ಮನೆಯಲ್ಲಿ ಯಾವ ಪದ ಬಳಕೆಯಾಗುತ್ತದೆಂಬುದರ ಮೇಲೂ ಹಿರಿಯರ ಲಕ್ಷ್ಯವಿರಲಿ. ವಂಚನೆಗೆ ಜಾಣತನವೆಂಬ ಹೆಸರು ಬಿದ್ದ ಮನೆಯಲ್ಲಿ ಅಣುವ್ರತದ ಪಾಠ ನಿಲ್ಲುವುದು ಕಷ್ಟ.

ಬಸದಿಗಳ ಆಡಳಿತ ಹೊತ್ತ ಟ್ರಸ್ಟುಗಳಿಗೂ ಈ ಕೃತಿಗಳಲ್ಲಿ ಒಂದು ಪ್ರಶ್ನೆ ಅಡಗಿದೆ. ತೆರೆಯ ಮೇಲೆ ನಿನ್ನೆಯವರೆಗೆ ಮುಖ ತಿರುಗಿಸಿದವರೇ ಹಣ ಬಂದೊಡನೆ ನಾಯಕನಿಗೆ ಕೈಮುಗಿಯುತ್ತಾರೆ. ಅಮೃತಶಿಲೆಯ ಫಲಕದಲ್ಲಿ ದಾನಿಯ ಹೆಸರು ಕೆತ್ತಿಸುವಾಗ, ಆ ದಾನದ ಹಿಂದೆ ಬಿಡಿಗಾಸಿಗೆ ದುಡಿದ ಗುಮಾಸ್ತನಿದ್ದಾನೆಯೇ, ಮೋಸಹೋದ ಠೇವಣಿದಾರನಿದ್ದಾನೆಯೇ ಎಂದು ಎಷ್ಟು ಟ್ರಸ್ಟುಗಳು ಕೇಳುತ್ತವೆ? ತದಾಹೃತಾದಾನದ ದೋಷ ಪಡೆಯುವ ಕೈಯನ್ನೂ ಬಿಡುವುದಿಲ್ಲ. ಪೂಜೆಗೆಂದು ಇರಿಸಿದ ಲೆಕ್ಕದ ಪುಸ್ತಕದಲ್ಲಿ ಎರಡು ಬದಿಗಳಿರುತ್ತವೆ. ಮುಂದಿನ ದೀಪಾವಳಿಯಂದು ಕುಂಕುಮವಿಡುವ ಮುನ್ನ ಆ ಇನ್ನೊಂದು ಬದಿಯನ್ನೂ ಒಮ್ಮೆ ಓದುವುದು ಉಚಿತ.