ಬ್ಯಾಜಟನ ಸೂತ್ರವೂ ಸರ್ಕಾರಿ ಸಾಲಪತ್ರಗಳ ಪೇಟೆಯೂ: ಒಂದು ಮರುವಿಮರ್ಶೆ

ವಾಲ್ಟರ್ ಬ್ಯಾಜಟನ 'ಲೊಂಬಾರ್ಡ್ ಸ್ಟ್ರೀಟ್' ಎಂಬ ಗ್ರಂಥವು 1873ರಲ್ಲಿ ಪ್ರಕಟವಾಯಿತು. ಬ್ಯಾಂಕು ವ್ಯವಹಾರವನ್ನು ಬೋಧಿಸುವವರೆಲ್ಲರೂ ಅದರ ಹೆಸರನ್ನು ಹೇಳುತ್ತಾರೆ. ಆದ್ಯಂತವಾಗಿ ಓದಿದವರು ವಿರಳ. ತರಗತಿಗಳಲ್ಲಿ ಅದು ಒಂದು ಸೂತ್ರದ ರೂಪದಲ್ಲಿ ಉಳಿದುಕೊಂಡಿದೆ: ಹಣದ ಪೇಟೆಯಲ್ಲಿ ಭೀತಿ ಹಬ್ಬಿದಾಗ ಕೇಂದ್ರ ಬ್ಯಾಂಕು ಧಾರಾಳವಾಗಿ ಸಾಲ ಕೊಡಬೇಕು, ಒಳ್ಳೆಯ ಆಧಾರವನ್ನು ಒತ್ತೆಯಾಗಿ ಪಡೆದು ಕೊಡಬೇಕು, ಹೆಚ್ಚಿನ ಬಡ್ಡಿಗೆ ಕೊಡಬೇಕು. ಈ ಮೂರು ಮಾತುಗಳನ್ನು ವಿದ್ಯಾರ್ಥಿಯು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದರೆ ವಿಷಯ ಮುಗಿಯಿತೆಂದು ನಾವು ಬಹುಕಾಲ ನಂಬಿದ್ದೆವು. 2020ರ ಮಾರ್ಚಿಯಲ್ಲಿ ಅಮೆರಿಕದಲ್ಲಿಯೂ 2022ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿಯೂ ನಡೆದ ಘಟನೆಗಳು ಈ ನಂಬಿಕೆಯನ್ನು ಅಲುಗಿಸಿವೆ. ಆ ಎರಡು ಸಂದರ್ಭಗಳಲ್ಲಿಯೂ ತತ್ತರಿಸಿದುದು 'ಒಳ್ಳೆಯ ಆಧಾರ'ಗಳಲ್ಲಿ ಮೊದಲನೆಯದೆಂದು ಗಣಿಸಲ್ಪಟ್ಟ ಸರ್ಕಾರಿ ಸಾಲಪತ್ರವೇ. ಆಧಾರವೇ ಅಲುಗಿದಾಗ ಬ್ಯಾಜಟನ ಸೂತ್ರವು ಎಷ್ಟರಮಟ್ಟಿಗೆ ನಿಲ್ಲುತ್ತದೆ? ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಗ್ರಂಥದ ಹಿನ್ನೆಲೆಯನ್ನು ಮೊದಲು ನೆನೆಯಬೇಕು. 1866ರ ಮೇ 10ರಂದು, ಹುಂಡಿಗಳನ್ನು ವಟಾವು ಹಿಡಿದು ಕೊಳ್ಳುವ ವ್ಯವಹಾರದಲ್ಲಿ ಹೆಸರಾಂತ ಓವರೆಂಡ್ ಗರ್ನಿ ಸಂಸ್ಥೆಯು ಲಂಡನ್ನಿನಲ್ಲಿ ಬಾಗಿಲು ಮುಚ್ಚಿತು. ಮರುದಿನ ನಗರವೆಲ್ಲ ಭೀತಿಗೊಳಗಾಯಿತು. ಬ್ಯಾಂಕ್ ಆಫ್ ಇಂಗ್ಲೆಂಡು ಧಾರಾಳವಾಗಿ ಸಾಲ ಕೊಟ್ಟಿತು. ಅದರ ಬಡ್ಡಿದರವು ಶೇಕಡ 10ಕ್ಕೆ ಏರಿ ಸುಮಾರು ಮೂರು ತಿಂಗಳು ಅಲ್ಲಿಯೇ ನಿಂತಿತು. 'ಎಕಾನಮಿಸ್ಟ್' ಪತ್ರಿಕೆಯ ಸಂಪಾದಕನಾಗಿದ್ದ ಬ್ಯಾಜಟನು ಈ ನಡವಳಿಕೆಯನ್ನು ಬ್ಯಾಂಕಿನ ಕರ್ತವ್ಯವೆಂದೇ ಸಾರಿದನು. ಬ್ಯಾಂಕಿನ ಗವರ್ನರನಾಗಿದ್ದು ಆಗ ನಿರ್ದೇಶಕನಾಗಿದ್ದ ಥಾಮ್ಸನ್ ಹ್ಯಾಂಕಿಯು ಇದನ್ನು ಬಲವಾಗಿ ವಿರೋಧಿಸಿದನು. ಪ್ರತಿಯೊಂದು ಸಂಸ್ಥೆಯೂ ತನ್ನ ಮೀಸಲನ್ನು ತಾನೇ ಇಟ್ಟುಕೊಳ್ಳಬೇಕು, ಆಪತ್ತಿನಲ್ಲಿ ಕೇಂದ್ರ ಬ್ಯಾಂಕು ಎತ್ತಿಹಿಡಿಯುವುದೆಂಬ ನಿರೀಕ್ಷೆಯನ್ನು ಬೆಳೆಸಬಾರದು ಎಂಬುದು ಅವನ ವಾದ. ಪಠ್ಯಪುಸ್ತಕಗಳು ಬ್ಯಾಜಟನನ್ನು ಗೆಲ್ಲಿಸಿ ಹ್ಯಾಂಕಿಯನ್ನು ಮರೆತಿವೆ. ಆದರೆ ಪ್ರತಿಯೊಂದು ಬ್ಯಾಂಕೂ ತನ್ನ ಮೀಸಲನ್ನು ತಾನು ಕಾಯುವ ಏರ್ಪಾಡೇ ಸಹಜವಾದದ್ದೆಂದು ಬ್ಯಾಜಟನೂ ಒಪ್ಪುತ್ತಾನೆ; ಇಂಗ್ಲೆಂಡಿನಲ್ಲಿ ಬೇರೆ ಪದ್ಧತಿ ಬೇರೂರಿಬಿಟ್ಟಿರುವುದರಿಂದ ಅದನ್ನು ಚೆನ್ನಾಗಿ ನಡೆಸುವ ಬಗೆಯನ್ನು ಹೇಳುತ್ತಾನೆ. ಗ್ರಂಥವನ್ನು ಸೂತ್ರಕ್ಕೆ ಇಳಿಸಿದವರು ಈ ಒಪ್ಪಿಗೆಯನ್ನು ಕೈಬಿಟ್ಟರು.

ಕೈಬಿಟ್ಟ ಇನ್ನೊಂದು ಅಂಶವುಂಟು. ಬ್ರಿಟಿಷ್ ಸರ್ಕಾರದ ಶಾಶ್ವತ ಸಾಲಪತ್ರಗಳಾದ 'ಕನ್ಸಾಲ್'ಗಳ ಮೇಲೆ ಸಾಲ ಕೊಡಲು ಬ್ಯಾಂಕು ಹಿಂಜರಿಯುತ್ತಿದೆಯೆಂಬ ಸುದ್ದಿಯು 1866ರ ಭೀತಿಯ ನಡುವೆ ಹಬ್ಬಿ, ಭೀತಿಯು ಇಮ್ಮಡಿಸಿತೆಂದು ಬ್ಯಾಜಟನು ದಾಖಲಿಸಿದ್ದಾನೆ. ಇದು ಬಹು ಮಹತ್ತ್ವದ ಸಂಗತಿ. ಸರ್ಕಾರವು ಸಾಲ ತೀರಿಸಲಾರದೆಂದು ಆಗ ಯಾರೂ ಶಂಕಿಸಿರಲಿಲ್ಲ. ಆದರೂ ಕನ್ಸಾಲನ್ನು ಈ ಹೊತ್ತಿನಲ್ಲಿ ನಗದಾಗಿಸಲು ಸಾಧ್ಯವೇ ಎಂಬ ಒಂದೇ ಸಂದೇಹ ಪೇಟೆಯನ್ನು ನಡುಗಿಸಿತು.

ಇಲ್ಲಿ ಒಂದು ವಿವೇಚನೆ ಅಗತ್ಯ. ಬೇಕೆಂದಾಗ, ಬೇಕಾದಷ್ಟನ್ನು, ಹೆಚ್ಚು ನಷ್ಟವಿಲ್ಲದೆ ನಗದಾಗಿಸಬಹುದಾದ ಗುಣವನ್ನು ದ್ರವತೆಯೆಂದು ಕರೆಯುತ್ತೇವೆ. ಸರ್ಕಾರಿ ಸಾಲಪತ್ರವು ನಿರಪಾಯವಾದುದು, ಆದ್ದರಿಂದ ಅದು ದ್ರವವಾದುದು ಎಂದು ನಾವು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ವಾಸ್ತವವಾಗಿ ಇಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ. ಅಸಲು ಬಡ್ಡಿಗಳು ಬರುವುವೇ ಎಂಬುದು ಒಂದು. ಬಡ್ಡಿದರ ಏರಿದಾಗ ಪತ್ರದ ಬೆಲೆ ಎಷ್ಟು ಇಳಿಯುವುದು ಎಂಬುದು ಎರಡನೆಯದು. ಮಾರಲು ಹೊರಟಾಗ ಕೊಳ್ಳುವವನು ಎದುರಿಗಿರುವನೇ ಎಂಬುದು ಮೂರನೆಯದು. ಮೊದಲ ಪ್ರಶ್ನೆಗೆ ಸರ್ಕಾರದ ಪ್ರತಿಷ್ಠೆ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ಅದು ಉತ್ತರ ಕೊಡಲಾರದು. ಕೊಳ್ಳುವವನು ಬರುವವರೆಗೆ ಪತ್ರಗಳನ್ನು ತಮ್ಮ ಲೆಕ್ಕದಲ್ಲಿ ಹಿಡಿದಿಡುವ ವ್ಯಾಪಾರಿ ಸಂಸ್ಥೆಗಳ ಬಂಡವಾಳವನ್ನು ಅದು ಅವಲಂಬಿಸಿದೆ. ಎಲ್ಲರೂ ಒಟ್ಟಿಗೆ ಮಾರಲು ಬಂದರೆ ಆ ಸಂಸ್ಥೆಗಳ ಕಣಜ ತುಂಬಿಹೋಗುತ್ತದೆ. ನಿರಪಾಯವಾದ ಪತ್ರವೂ ಬಿಕರಿಯಾಗದೆ ನಿಲ್ಲುತ್ತದೆ.

2022ರ ಇಂಗ್ಲೆಂಡು ಇದಕ್ಕೆ ಸ್ಪಷ್ಟವಾದ ನಿದರ್ಶನ. ಆ ದೇಶದ ಅನೇಕ ಪಿಂಚಣಿ ನಿಧಿಗಳು ದೀರ್ಘಾವಧಿಯ ಸರ್ಕಾರಿ ಪತ್ರಗಳನ್ನು ಒತ್ತೆಯಿಟ್ಟು ಸಾಲ ತಂದು, ಆ ಸಾಲದಿಂದ ಮತ್ತಷ್ಟು ಪತ್ರಗಳನ್ನು ಕೊಳ್ಳುವ ಪದ್ಧತಿಯನ್ನು ಅನುಸರಿಸುತ್ತಿದ್ದವು. ಸೆಪ್ಟೆಂಬರ್ 23ರಂದು ಅರ್ಥಮಂತ್ರಿ ಕ್ವಾಸಿ ಕ್ವಾರ್ಟೆಂಗರು ತೆರಿಗೆ ಇಳಿಸುವ ಯೋಜನೆಯನ್ನು ಮಂಡಿಸಿದೊಡನೆ ಪತ್ರಗಳ ಬೆಲೆ ಕುಸಿಯಿತು. ಬೆಲೆ ಕುಸಿದುದರಿಂದ ಸಾಲ ಕೊಟ್ಟವರು ಹೆಚ್ಚಿನ ಒತ್ತೆಯನ್ನು ಕೇಳಿದರು; ಅದನ್ನು ಒದಗಿಸಲು ನಿಧಿಗಳು ಪತ್ರಗಳನ್ನೇ ಮಾರಿದವು; ಮಾರಿದುದರಿಂದ ಬೆಲೆ ಇನ್ನಷ್ಟು ಕುಸಿಯಿತು. 30 ವರ್ಷದ ಪತ್ರದ ಪ್ರತಿಫಲ ದರವು 28ರಂದು ಶೇಕಡ 5ನ್ನು ದಾಟಿತು. ಬ್ಯಾಂಕ್ ಆಫ್ ಇಂಗ್ಲೆಂಡು ಆ ದಿನವೇ ಪತ್ರಗಳನ್ನು ತಾನು ಕೊಳ್ಳುವುದಾಗಿ ಘೋಷಿಸಲು, ದರವು ಒಂದೇ ದಿನದಲ್ಲಿ ಶೇಕಡ 1ಕ್ಕಿಂತ ಹೆಚ್ಚು ಇಳಿಯಿತು. ಬೆಲೆಯೇರಿಕೆಯನ್ನು ಹತ್ತಿಕ್ಕಲು ತನ್ನಲ್ಲಿದ್ದ ಸಾಲಪತ್ರಗಳನ್ನು ಮಾರಬೇಕೆಂದು ಸೆಪ್ಟೆಂಬರ್ 22ರಂದು ನಿಶ್ಚಯಿಸಿದ್ದ ಬ್ಯಾಂಕೇ, ಆರು ದಿನಗಳಲ್ಲಿ ಕೊಳ್ಳುಗನಾಗಿ ಪೇಟೆಗೆ ಇಳಿಯಬೇಕಾಯಿತು.

ಗಮನಿಸಬೇಕಾದುದೇನೆಂದರೆ, ಬಡ್ಡಿದರ ಏರಿದಂತೆ ಪಿಂಚಣಿ ನಿಧಿಗಳ ಮುಂದಿನ ಹೊಣೆಗಾರಿಕೆಗಳ ಇಂದಿನ ಮೌಲ್ಯವು ಇಳಿಯುತ್ತದೆ. ಆದ್ದರಿಂದ ದೀರ್ಘಕಾಲದ ಲೆಕ್ಕದಲ್ಲಿ ಅನೇಕ ನಿಧಿಗಳ ಸ್ಥಿತಿ ಉತ್ತಮಗೊಂಡಿತ್ತು; ಕೊರತೆಯಿದ್ದುದು ಆ ಹೊತ್ತಿನ ನಗದಿಗೆ ಮಾತ್ರ. ಬ್ಯಾಜಟನು ಬ್ಯಾಂಕುಗಳ ವಿಷಯದಲ್ಲಿ ಹೇಳಿದ ದಿವಾಳಿತನಕ್ಕೂ ನಗದಿನ ಅಭಾವಕ್ಕೂ ಇರುವ ಅಂತರವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಉದಾಹರಣೆ ದುರ್ಲಭ.

ಈಗ ಸೂತ್ರದ ಮೂರು ಅಂಗಗಳನ್ನು ಈ ಘಟನೆಗೆ ಒರೆಹಚ್ಚಿ ನೋಡೋಣ. ಒಳ್ಳೆಯ ಆಧಾರ ಎಂಬ ಅಂಗವು ಮೊದಲು ಸಡಿಲಗೊಳ್ಳುತ್ತದೆ. ಬ್ಯಾಜಟನ ಲೆಕ್ಕದಲ್ಲಿ ಆಧಾರದ ಬೆಲೆಯು ಸಾಮಾನ್ಯ ಕಾಲದ್ದು. ಭೀತಿಯು ಆಧಾರದ ಹೊರಗಿರುತ್ತದೆ. ಇಲ್ಲಿ ಭೀತಿಯು ಆಧಾರದ ಬೆಲೆಯಲ್ಲಿಯೇ ಸೇರಿಕೊಂಡಿತ್ತು. ಹೆಚ್ಚಿನ ಬಡ್ಡಿ ಎಂಬ ಅಂಗಕ್ಕೆ ಕೊಳ್ಳುವ ವ್ಯವಹಾರದಲ್ಲಿ ನೇರವಾದ ಪ್ರತಿರೂಪವಿಲ್ಲ. ಸಾಲ ಹಿಂತಿರುಗುತ್ತದೆ, ಕೊಂಡ ಪತ್ರ ಕೊಂಡವನಲ್ಲಿಯೇ ಉಳಿಯುತ್ತದೆ. ಧಾರಾಳವೆಂಬ ಅಂಗವೊಂದೇ ಹಾಗೆಯೇ ನಿಲ್ಲುವಂಥದು.

ಆದರೂ ಬ್ಯಾಂಕು ಉಳಿದ ಎರಡು ಅಂಗಗಳ ಆಶಯವನ್ನು ಬೇರೆ ದಾರಿಯಿಂದ ಉಳಿಸಿಕೊಂಡಿತು. ಖರೀದಿಯು ಅಕ್ಟೋಬರ್ 14ಕ್ಕೆ ಮುಗಿಯುವುದೆಂದು ಮೊದಲೇ ಸಾರಿತು. ದಿನಕ್ಕೆ 500 ಕೋಟಿ ಪೌಂಡುಗಳ ಮಿತಿಯನ್ನು ಹಾಕಿತು. ಕೊನೆಯ ವಾರದಲ್ಲಿ ಅದನ್ನು ಹೆಚ್ಚಿಸಿತಾದರೂ ಗಡುವನ್ನು ಬದಲಿಸಲಿಲ್ಲ. ಒಪ್ಪಿಗೆಯಾಗದ ಬೆಲೆಗೆ ಕೊಳ್ಳಲಿಲ್ಲ. ಅಕ್ಟೋಬರ್ 4ರಂದು ಬಂದ ಮಾರಾಟದ ಕೋರಿಕೆಗಳೆಲ್ಲವನ್ನೂ ತಿರಸ್ಕರಿಸಿತು. ಮೊದಲಿನ ಮಿತಿಯಂತೆ 6,500 ಕೋಟಿ ಪೌಂಡುಗಳವರೆಗೆ ಕೊಳ್ಳಬಹುದಾಗಿದ್ದರೂ ಒಟ್ಟು ಕೊಂಡದ್ದು 1,930 ಕೋಟಿ ಪೌಂಡುಗಳಷ್ಟು. ಕೊಂಡ ಪತ್ರಗಳನ್ನೆಲ್ಲ 2023ರ ಜನವರಿ 12ರೊಳಗೆ ಲಾಭಕ್ಕೆ ಮಾರಿತು. ಬೆಲೆ, ಗಡುವು, ಹಿಂದೆಗೆತ ಎಂಬ ಈ ಮೂರು ಕಟ್ಟುಗಳು ಬ್ಯಾಜಟನ ಹೆಚ್ಚಿನ ಬಡ್ಡಿಯ ಕೆಲಸವನ್ನು ಮಾಡಿದುವೆಂದು ನಾವು ಭಾವಿಸುತ್ತೇವೆ.

ಈ ಕಟ್ಟುಗಳ ಬೆಲೆ ತಿಳಿಯಬೇಕಾದರೆ ಅಮೆರಿಕದ ಅನುಭವವನ್ನು ಪಕ್ಕದಲ್ಲಿಡಬೇಕು. 2020ರ ಮಾರ್ಚ್ 9ರಂದು ಶೇಕಡ 0.5ರ ಸಮೀಪಕ್ಕೆ ಇಳಿದಿದ್ದ 10 ವರ್ಷದ ಪತ್ರದ ಪ್ರತಿಫಲ ದರವು, ಸೋಂಕಿನ ಭೀತಿ ಏರುತ್ತಿದ್ದಾಗಲೇ, 18ರ ಹೊತ್ತಿಗೆ ಶೇಕಡ 1ನ್ನು ಮೀರಿತು. ಜನರು ಆಶ್ರಯಕ್ಕಾಗಿ ಓಡಿಬರಬೇಕಾಗಿದ್ದ ಪತ್ರವನ್ನೇ ನಗದಿಗಾಗಿ ಮಾರುತ್ತಿದ್ದರು. ಫೆಡರಲ್ ರಿಸರ್ವ್ ಬ್ಯಾಂಕು 15ರಂದು 50,000 ಕೋಟಿ ಡಾಲರುಗಳಿಗೆ ಕಡಿಮೆಯಿಲ್ಲದಷ್ಟು ಸರ್ಕಾರಿ ಪತ್ರಗಳನ್ನು ಕೊಳ್ಳುವುದಾಗಿ ಹೇಳಿ, 23ರಂದು ಆ ಅಂಕಿಯನ್ನೂ ತೆಗೆದು, ಅಗತ್ಯವಿದ್ದಷ್ಟು ಕೊಳ್ಳುವುದಾಗಿ ಘೋಷಿಸಿತು. ಪೇಟೆ ಉಳಿಯಿತು. ಆದರೆ ಪೇಟೆಯನ್ನು ರಕ್ಷಿಸಲು ಆರಂಭವಾದ ಖರೀದಿಯು ಆರ್ಥಿಕ ಚಟುವಟಿಕೆಗೆ ಉತ್ತೇಜನ ಕೊಡುವ ಖರೀದಿಯೊಡನೆ ಬೆರೆತು 2022ರ ಮಾರ್ಚಿಯವರೆಗೆ ಮುಂದುವರಿಯಿತು. ಭೀತಿ ಎಂದು ಮುಗಿಯಿತು, ನೀತಿ ಎಂದು ಮೊದಲಾಯಿತು ಎಂದು ಬೇರ್ಪಡಿಸಿ ತೋರಿಸುವುದು ಕಷ್ಟವಾಯಿತು.

ಹೀಗೆಂದ ಮಾತ್ರಕ್ಕೆ ಲಂಡನ್ನಿನ ಕ್ರಮ ದೋಷರಹಿತವೆಂದು ಅರ್ಥವಲ್ಲ. ಶಾಂತಕಾಲದಲ್ಲಿ ಸಾಲದ ಬಲದಿಂದ ಲಾಭವನ್ನು ಪಡೆದವರು ತಾವು. ಆಪತ್ಕಾಲದಲ್ಲಿ ಬೆಲೆಯ ಅಪಾಯವನ್ನು ಹೊತ್ತದ್ದು ಸಾರ್ವಜನಿಕ ಸಂಸ್ಥೆ. ಒಮ್ಮೆ ದೊರೆತ ನೆರವು ಮುಂದಿನ ಸಲದ ಲೆಕ್ಕಾಚಾರದಲ್ಲಿ ಸೇರಿಕೊಳ್ಳದಿರದು. ಹ್ಯಾಂಕಿಯ ಮಾತು ಇಲ್ಲಿ ಪುನಃ ಜೀವ ಪಡೆಯುತ್ತದೆ. 2023ರ ಮಾರ್ಚಿಯಲ್ಲಿ ಬ್ಯಾಂಕಿನ ಹಣಕಾಸು ನೀತಿ ಸಮಿತಿಯು, ಪ್ರತಿಫಲ ದರ ಶೇಕಡ 2.5ರಷ್ಟು ಏರಿದರೂ ತಾಳಿಕೊಳ್ಳುವಷ್ಟು ಶಕ್ತಿಯನ್ನು ಇಂಥ ನಿಧಿಗಳು ಕನಿಷ್ಠಪಕ್ಷ ಇಟ್ಟುಕೊಂಡಿರಬೇಕೆಂದು ಶಿಫಾರಸು ಮಾಡಿತು. ತನ್ನ ಮೀಸಲನ್ನು ತಾನೇ ಕಾಯಬೇಕೆಂಬ ಹ್ಯಾಂಕಿಯ ವಾದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಅನಂತರ 2025ರ ಜನವರಿಯಲ್ಲಿ, ಪಿಂಚಣಿ ನಿಧಿಗಳಿಗೂ ವಿಮಾ ಸಂಸ್ಥೆಗಳಿಗೂ ಸರ್ಕಾರಿ ಪತ್ರಗಳ ಒತ್ತೆಯ ಮೇಲೆ ಆಪತ್ಕಾಲದಲ್ಲಿ ಸಾಲ ಕೊಡುವ ಏರ್ಪಾಡನ್ನು ಬ್ಯಾಂಕು ತೆರೆಯಿತು. ಕೊಳ್ಳುವುದನ್ನು ಬಿಟ್ಟು ಸಾಲ ಕೊಡುವುದಕ್ಕೆ ಮರಳಿದ ಈ ಹೆಜ್ಜೆ ಬ್ಯಾಜಟನ ಕಡೆಗೇ ಇಟ್ಟ ಹೆಜ್ಜೆ.

ನಮ್ಮ ದೇಶಕ್ಕೆ ಈ ವಿಚಾರ ದೂರದ್ದಲ್ಲ. ಸರ್ಕಾರವು ಹೊಸದಾಗಿ ಹೊರಡಿಸುವ ಪತ್ರಗಳನ್ನು ರಿಸರ್ವ್ ಬ್ಯಾಂಕು ಸಾಮಾನ್ಯವಾಗಿ ನೇರವಾಗಿ ಕೊಳ್ಳಬಾರದೆಂಬ ನಿರ್ಬಂಧವು 2003ರ ವಿತ್ತೀಯ ಹೊಣೆಗಾರಿಕೆಯ ಕಾಯಿದೆಯ ಮೂಲಕ 2006ರ ಏಪ್ರಿಲಿನಿಂದ ಜಾರಿಗೆ ಬಂದಿತು. ಪೇಟೆಯಲ್ಲಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ. 2021ರ ಏಪ್ರಿಲಿನಲ್ಲಿ ಆ ಬ್ಯಾಂಕು ಮೂರು ತಿಂಗಳಲ್ಲಿ 1 ಲಕ್ಷ ಕೋಟಿ ರೂಪಾಯಿಗಳ ಪತ್ರಗಳನ್ನು ಕೊಳ್ಳುವುದಾಗಿ ಮುಂಚಿತವಾಗಿ ವಚನ ಕೊಟ್ಟಿತು. ಮುಂದಿನ ಮೂರು ತಿಂಗಳಿಗೆ 1.2 ಲಕ್ಷ ಕೋಟಿಯೆಂದಿತು. ಅಕ್ಟೋಬರಿನಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಿತು. ಇದು ಭೀತಿಯನ್ನು ತಡೆಯಲು ಮಾಡಿದ ಖರೀದಿಯಲ್ಲ; ಬೆಲೆಗಳ ಚಲನೆಯನ್ನು ಕ್ರಮಬದ್ಧವಾಗಿಡಲು ಮಾಡಿದ್ದು. ಸರ್ಕಾರದ ಸಾಲವನ್ನು ನಿರ್ವಹಿಸುವ ಸಂಸ್ಥೆಯೂ ಬಡ್ಡಿದರವನ್ನು ನಿಯಂತ್ರಿಸುವ ಸಂಸ್ಥೆಯೂ ಒಂದೇ ಆಗಿರುವಲ್ಲಿ ಈ ಭೇದವನ್ನು ಕಾಯುವುದು ಇನ್ನೂ ಅವಶ್ಯಕ.

ಹೀಗೆ ನೋಡಿದರೆ ಬ್ಯಾಜಟನ ಗ್ರಂಥವು ಹಳೆಯದಾಗಿಲ್ಲ. ಸೂತ್ರವಾಗಿ ಕಿರಿದಾಗಿರುವುದೇ ಅದಕ್ಕೆ ಆದ ಹಾನಿ. ಸಾಲಪತ್ರದ ದ್ರವತೆಯು ಕಾಗದದಲ್ಲಿ ಅಡಗಿರುವ ಗುಣವಲ್ಲ. ವ್ಯಾಪಾರಿಗಳ ಬಂಡವಾಳವೂ, ಹೂಡಿಕೆದಾರರ ಮುನ್ನೆಚ್ಚರಿಕೆಯೂ, ಕೊನೆಯಲ್ಲಿ ಕೇಂದ್ರ ಬ್ಯಾಂಕಿನ ಮಾತೂ ಸೇರಿ ಅದನ್ನು ಎತ್ತಿಹಿಡಿಯುತ್ತವೆ. ಭೀತಿಯ ದಿನದಂದು ಬ್ಯಾಜಟನು ಸರಿ. ಅದರ ಹಿಂದಿನ ಶಾಂತವಾದ ವರ್ಷಗಳಲ್ಲಿ ಹ್ಯಾಂಕಿ ಸರಿ. ನಮ್ಮ ತರಗತಿಗಳಲ್ಲಿ ಈ ಇಬ್ಬರನ್ನೂ ಒಟ್ಟಿಗೆ ಓದಿಸಬೇಕು.