ಮಿತಾಕ್ಷರೆಯೂ ಮರಣಶಾಸನವೂ

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರೆಯ ದಾಯವಿಭಾಗ ಪ್ರಕರಣವನ್ನು ಬರಿಯ ಪಾಲುಪಟ್ಟಿಯೆಂದು ಓದುವುದು ಸಾಲದು. ಕೊಡುವವನ ಕೈಯನ್ನು ಕಟ್ಟುವ ವಿಚಾರವೂ ಅದರಲ್ಲಿದೆ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವ. ಸ್ವಾರ್ಜಿತ ಸ್ಥಿರಾಸ್ತಿಯನ್ನು ಸಹ ತಂದೆಯು ಆಪತ್ತಿನ ಹೊರತು ಮಕ್ಕಳ ಸಮ್ಮತಿಯಿಲ್ಲದೆ ಪರಭಾರೆ ಮಾಡಲಾಗದು. ಈ ಎರಡನೆಯ ವಿಧಿಯನ್ನು ಪ್ರಿವಿ ಕೌನ್ಸಿಲು 1898ರಲ್ಲಿ ನೀತಿಬೋಧೆಯಷ್ಟೇ ಎಂದು ಬಗೆಯಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 30ನೆಯ ಕಲಮು ಮೊದಲನೆಯದನ್ನೂ ಸಡಿಲಿಸಿ, ಅವಿಭಕ್ತ ಕುಟುಂಬದಲ್ಲಿನ ತನ್ನ ಪಾಲನ್ನು ಉಯಿಲಿನಿಂದ ಕೊಡಬಹುದೆಂದಿತು.

ಕರ್ನಾಟಕವು 1994ರಲ್ಲಿ ಅಂದಿನ ಅವಿವಾಹಿತೆಯರಿಗೆ, ಸಂಸತ್ತು 2005ರಲ್ಲಿ ಹೆಣ್ಣುಮಕ್ಕಳೆಲ್ಲರಿಗೆ ಜನ್ಮಸಿದ್ಧ ಹಕ್ಕನ್ನಿತ್ತವು. ಆದರೆ ದಿಲ್ಲಿಯ ವಸಂತ್ ಕುಂಜ್‌ನಲ್ಲಿ ಸಂಬಳದ ಉಳಿತಾಯದಿಂದ ಕೊಂಡ ಡಿ.ಡಿ.ಎ. ಮನೆ ಸ್ವಾರ್ಜಿತ, ಉಯಿಲಿನ ಒಂದೇ ಸಾಲಿನಿಂದ ಮಗಳು ಅಲ್ಲಿ ಬರಿಗೈಯಾಗಬಹುದು. ವಾರಸುದಾರರು ಒಪ್ಪದಿದ್ದರೆ ಮುಸ್ಲಿಂ ಧರ್ಮಶಾಸ್ತ್ರವು ಉಯಿಲನ್ನು ಮೂರರಲ್ಲೊಂದು ಅಂಶಕ್ಕೆ ಮಿತಿಗೊಳಿಸುತ್ತದೆ. ಹಿಂದೂ ವಿಧಿಯಲ್ಲಿ ಅವಲಂಬಿತರಿಗೆ ಉಳಿದಿರುವುದು ಜೀವನಾಂಶ ಮಾತ್ರ.

ದುಡಿದವನೇ ಒಡೆಯನೆಂಬುದು ನ್ಯಾಯವೇ; ಮುಪ್ಪಿನಲ್ಲಿ ಶುಶ್ರೂಷೆ ಮಾಡಿದವರನ್ನು ನೆನೆಯುವ ಸ್ವಾತಂತ್ರ್ಯವೂ ಅದರಲ್ಲಡಗಿದೆ. ಆದರೂ ವಿಜ್ಞಾನೇಶ್ವರನು ‘ಮಗ’ ಎಂದೆಡೆ ಮಕ್ಕಳೆಲ್ಲರನ್ನೂ ಇರಿಸಿ, ಒಂದಂಶವನ್ನಾದರೂ ಉಯಿಲಿನ ಆಚೆ ಕಾಯ್ದಿಡುವ ಶಾಸನವೇ ಆ ಗ್ರಂಥಕ್ಕೆ ಇಂದು ಸಲ್ಲುವ ವ್ಯಾಖ್ಯಾನ.